ಏನೂ ಮಾಡೋದಿಲ್ಲ

ಪ್ಯಾರ್ನುವಿನ ಕಡಲು ಮಾರ್ಚಿನಲ್ಲೂ ಬಿಳಿ.
ದಂಡೆಯ ಹತ್ತಿರ ಮಾತ್ರ ಗಡ್ಡೆ ಬಿರಿದು
ಒಣಜೊಂಡಿನ ಬುಡದಲ್ಲಿ ಕರಿನೀರು ಇಣುಕುತ್ತದೆ.
ಭಾನುವಾರ. ಹೆಗಲಿಗೆ ಅಂಚೆಚೀಲವಿಲ್ಲ.
ಕೈಯಲ್ಲಿ ಒಂದೂವರೆ ಮಾರು ಹಗ್ಗ,
ಹಗ್ಗದ ಆ ತುದಿಗೆ ತುಯಿಸ್ಕ್.

ತುಯಿಸ್ಕ್ ಎಂದರೆ ಹಿಮ ತೂರುವ ಗಾಳಿ.
ಹೆಸರಿಟ್ಟವರು ಯಾರೋ, ಆರು ವರ್ಷ
ಆ ಗಾಳಿಯನ್ನು ಸೌದೆಕೊಟ್ಟಿಗೆಯ ಗೂಟಕ್ಕೆ
ಸರಪಳಿ ಹಾಕಿ ಕಟ್ಟಿದ್ದರು.
ಕುತ್ತಿಗೆಯ ಸುತ್ತ ಇನ್ನೂ ಕೂದಲು ಚಿಗುರಿಲ್ಲ.

ದೂರದಿಂದ ಬಂತು ಅದು,
ಕಂದು ಗುಂಗುರು, ಮೈಯೆಲ್ಲ ಬಾಲ,
ವರ್ಷ ತುಂಬದ ಪಿಪರ್.
ಇನ್ನೂರು ಹೆಜ್ಜೆ ಹಿಂದೆ ಹೆಲ್ದುರ್,
ಎರಡೂ ಕೈ ಜೇಬಿನಲ್ಲಿ.
ನಾಯಿಯ ಹಗ್ಗ ಅವನದೇ ಕೊರಳಲ್ಲಿ
ಶಲ್ಯದ ಹಾಗೆ ಇಳಿಬಿದ್ದಿತ್ತು.
"ಏನೂ ಮಾಡೋದಿಲ್ಲ ಅದು!" ಎಂದು ಕೂಗಿದ.

ಈ ವಾಕ್ಯ ನನಗೆ ಹೊಸದಲ್ಲ.
ಇಪ್ಪತ್ತೆರಡು ವರ್ಷ ಕಾಗದ ಹಂಚಿದ ಕಾಲು ನನ್ನದು.
ಗೇಟುಗೇಟಿನಲ್ಲೂ ಕೇಳಿದ್ದೇನೆ,
ಕಿಟಕಿಯಿಂದ, ಮಹಡಿಯಿಂದ, ರೊಟ್ಟಿ ತುಂಬಿದ ಬಾಯಿಂದ.
ಒಮ್ಮೆಯಂತೂ ಹಲ್ಲು ನನ್ನ ಮೀನಖಂಡದೊಳಗೆ ಇಳಿದಿರುವಾಗಲೇ
ಮನೆಯೊಡತಿ ಸಮಾಧಾನವಾಗಿ ಹೇಳಿದ್ದಳು,
ಏನೂ ಮಾಡೋದಿಲ್ಲ.

ಕಟ್ಟಿ, ಎಂದು ಕಿರುಚಿದೆ. ನನ್ನದು ಮಾಡುತ್ತೆ!
ಗಾಳಿ ಅವನ ಕಡೆಯಿಂದ ನನ್ನ ಕಡೆಗಿತ್ತು.
ಅವನ ಮಾತು ನನಗೆ ಮುಟ್ಟಿತು, ನನ್ನದು ಅವನಿಗಿಲ್ಲ.
ಒಂದು ಕೈ ಹೊರತೆಗೆದು ಬೀಸಿದ, ನಮಸ್ಕಾರವೆಂಬಂತೆ.

ಬೊಗಳುವ ನಾಯಿ ಕಚ್ಚದು, ಸರಿ.
ಬೊಗಳದೆ ನಿಂತದ್ದರ ಬಗ್ಗೆ ಗಾದೆ ಬಾಯಿ ಬಿಡುವುದಿಲ್ಲ.
ತುಯಿಸ್ಕ್ ಒಮ್ಮೆ ತುಟಿ ನೆಕ್ಕಿಕೊಂಡಿತು,
ಮುಖ ಪಕ್ಕಕ್ಕೆ ತಿರುಗಿಸಿತು.
ಅವುಗಳ ಭಾಷೆಯಲ್ಲಿ ಅದು ದಮ್ಮಯ್ಯ.
ಪಿಪರ್ ಇನ್ನೂ ಆ ಭಾಷೆ ಕಲಿತಿರಲಿಲ್ಲ.

ಬಿಟ್ಟ ನಾಯಿಗೆ ಕಡಲಿನಷ್ಟು ದಾರಿ.
ಕಟ್ಟಿದ್ದಕ್ಕೆ ಒಂದೂವರೆ ಮಾರು,
ಹೆದರುವುದೂ ಅಷ್ಟರಲ್ಲೇ, ಓಡುವುದೂ ಅಷ್ಟರಲ್ಲೇ,
ಹಗ್ಗ ಬಿಗಿದ ಮೇಲೆ ಉಳಿಯುವುದು ಹಲ್ಲು.
ಆ ಹಗ್ಗ ಹಿಡಿದವಳು ನಾನು.
ಬಿಟ್ಟುಬಿಡಲೇ ಎಂದುಕೊಂಡೆ. ಬಿಡಲಿಲ್ಲ.
ಬಿಟ್ಟಿದ್ದರೆ?
ಈಗಲೂ ರಾತ್ರಿ ಆ ಲೆಕ್ಕ ತಾಳೆಯಾಗುವುದಿಲ್ಲ.

ನಡುವೆ ಕೈ ಹಾಕಿದೆ.
ಕಚ್ಚಿದ್ದು ನನ್ನದೇ ನಾಯಿ, ನನ್ನನ್ನೇ,
ಹೆಬ್ಬೆರಳ ಬುಡದಲ್ಲಿ, ಆಳಕ್ಕೆ.
ರುಚಿಯ ಗುರುತು ಹತ್ತಿದೊಡನೆ ಬಿಟ್ಟು
ಹಿಮದ ಮೇಲೆ ಹೊಟ್ಟೆಯೂರಿ ಮಲಗಿತು.

ಹೆಲ್ದುರ್ ಏದುಸಿರು ಬಿಡುತ್ತ ಬಂದ.
"ನೋಡಿ, ನಮ್ಮದು ಏನೂ ಮಾಡಲಿಲ್ಲ."
ಸುಳ್ಳಲ್ಲ. ಅದು ಏನೂ ಮಾಡಿರಲಿಲ್ಲ.
ಅವನೂ ಏನೂ ಮಾಡಿರಲಿಲ್ಲ.

ಗುರುವಾರ ಅವನ ಮನೆಗೆ ರಿಜಿಸ್ಟರ್ಡ್ ಕಾಗದ, ಸಹಿ ಬೇಕು.
ಬಲಗೈಗೆ ನಾಲ್ಕು ಹೊಲಿಗೆ; ಎಡಗೈಯಿಂದ ಗಂಟೆ ಒತ್ತಿದೆ.
ಒಳಗೆ ಹಲಗೆಯ ಮೇಲೆ ಉಗುರುಗಳು ಟಕಟಕ.
ಬಾಗಿಲು ತೆರೆಯುತ್ತಲೇ, ಅಭ್ಯಾಸಬಲ,
"ಏನೂ ಮಾ..." ಎಂದವನು
ಬ್ಯಾಂಡೇಜು ಕಂಡ.
ಉಳಿದರ್ಧ ಬಿಸಿ ಆಲೂಗಡ್ಡೆಯಾಗಿ ಬಾಯಲ್ಲೇ ಹೊರಳಿತು.

ಒಳಗೆ ಹೋಗಿ ಮೊಳೆಯಿಂದ ಹಗ್ಗ ತಂದ.
ಬಗ್ಗಿ, ಕೊಕ್ಕೆ ಎರಡು ಸಲ ತಪ್ಪಿ, ಹಾಕಿದ.
ಅಂಗಡಿಯ ಬೆಲೆಚೀಟಿ ಇನ್ನೂ ಅದರ ಮೇಲಿತ್ತು.
ಆಮೇಲೆ ಕೇಳಿದ, "ಹತ್ತಿರ ಬರಬಹುದಾ ಇದು?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಉತ್ತರಕ್ಕೆ ತುಸು ತಡವಾಯಿತು.

ಪಿಪರ್ ಬಂತು, ಹಗ್ಗ ಬಿಟ್ಟಷ್ಟು ದೂರ.
ಬ್ಯಾಂಡೇಜನ್ನು ಬಹಳ ಹೊತ್ತು ಮೂಸಿತು,
ಅಯೋಡಿನ್ನಿನ ಕೆಳಗೆ, ಹತ್ತಿಯ ಕೆಳಗೆ
ತುಯಿಸ್ಕಿನ ವಾಸನೆ ಸಿಕ್ಕಿರಬೇಕು,
ಬಾಲ ಆಡಿಸಿತು.

ಸಹಿ ಇನ್ನೂ ಆಗಿರಲಿಲ್ಲ.
ಚಳಿಗೆ ಕಟ್ಟಿಹೋದ ಪೆನ್ನಿಗೆ ಬಿಸಿಯುಸಿರು ಊದುತ್ತಿದ್ದ ಹೆಲ್ದುರ್,
ಒಂದೇ ಕೈಯಲ್ಲಿ ಹಿಡಿದು.
ಇನ್ನೊಂದು ಕೈ ಖಾಲಿ ಇರಲಿಲ್ಲ.